ಪಟ ಮತ್ತು ಪದಕ

(ಬಾನುಲಿ ಭಾಷಣ)



ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಕಲ್ಲು ಹೆಚ್ಚು. ಆ ಕಲ್ಲುಗಳ ನಡುವೆ ವೀರಗಲ್ಲುಗಳಿಗೂ ಕೊರತೆಯಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಗಡಿಯಾಚೆ ಆಂಧ್ರಪ್ರದೇಶಕ್ಕೆ ಸೇರಿದ್ದರೂ ಸಿರಾದಿಂದ ಬಹಳ ದೂರದಲ್ಲೇನೂ ಇಲ್ಲ. ಆಮೇಲೆ ನಿಡುಗಲ್ಲಿನ ಅರಸರು, ಮಧುಗಿರಿ ಕೊರಟಗೆರೆಗಳ ಪಾಳೆಯಗಾರರು, 1687ರಿಂದ ಸಿರಾದಲ್ಲಿ ನೆಲೆಯೂರಿದ ಮೊಗಲರ ಸುಬೇದಾರರು, ಅವರ ಹಿಂದೆ ಮರಾಠರು, 1761ರಲ್ಲಿ ಹೈದರಾಲಿ, ಹೀಗೆ ಒಬ್ಬರ ಮೇಲೊಬ್ಬರು ಬಂದು ಹೋದ ನೆಲ ಇದು. ಬೇಸಾಯ ಕೈಕೊಟ್ಟ ವರ್ಷ ಕತ್ತಿ ಹಿಡಿಯುವುದು, ಕತ್ತಿಗೆ ಕೆಲಸವಿಲ್ಲದ ವರ್ಷ ನೇಗಿಲು ಹಿಡಿಯುವುದು, ಇದು ಇಲ್ಲಿನ ಜನಕ್ಕೆ ಬಹುಕಾಲದಿಂದ ಅಭ್ಯಾಸವಾಗಿದ್ದ ಬಾಳು.

ಕನ್ನಡ ಎಂ. ಎ. ವಿದ್ಯಾರ್ಥಿಗಳಿಗೆ ಶಾಸನಪಾಠ ಹೇಳುವುದು ನನ್ನ ಉದ್ಯೋಗದ ಒಂದು ಭಾಗವಾಗಿತ್ತು. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಕೈಯಲ್ಲಿ ಹಿಡಿದು ಮಕ್ಕಳೊಡನೆ ಹಳ್ಳಿ ಹಳ್ಳಿ ಅಲೆದಿದ್ದೇನೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ, ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನಾನು ಇಂದು ಹೇಳಹೊರಟಿರುವುದು ಕಲ್ಲಿನ ವಿಷಯವನ್ನಲ್ಲ. ಎರಡು ಹಳೆಯ ಪಟಗಳು, ಒಂದು ಕಂಚಿನ ಬಿಲ್ಲೆ. ಇವನ್ನು ಓದಲು ಹೋಗಿ ನಾನು ಕಲಿತದ್ದೇನು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

2018ರ ಜನವರಿಯಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೆಸರಾಯಿತು. ಅಲ್ಲಿರುವ ಮೂರು ಕಂಚಿನ ಯೋಧರು ಮೈಸೂರು, ಹೈದರಾಬಾದು, ಜೋಧಪುರ ಸಂಸ್ಥಾನಗಳ ಭರ್ಜಿ ರಾವುತರ ಪ್ರತೀಕ. ಲೆನಾರ್ಡ್ ಜೆನಿಂಗ್ಸ್ ಎಂಬ ಶಿಲ್ಪಿ ಮಾಡಿದ ಆ ಸ್ಮಾರಕ 1922ರಿಂದ ಅಲ್ಲಿದೆ. ಪತ್ರಿಕೆಗಳಲ್ಲಿ ಈ ಸುದ್ದಿ ಬಂದ ಮೇಲೆ, ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ನಾಲ್ವರು ತರುಣರು ನನ್ನನ್ನು ಹುಡುಕಿಕೊಂಡು ಬಂದರು. ತಮ್ಮೂರಿನವನೊಬ್ಬನು ಆ ಯುದ್ಧಕ್ಕೆ ಹೋಗಿದ್ದನೆಂದೂ, ಸರದಾರನಾಗಿದ್ದನೆಂದೂ, ಜರ್ಮನಿಯ ಅಧಿಕಾರಿಯೊಬ್ಬನ ಕತ್ತಿಯನ್ನು ಕಸಿದುಕೊಂಡು ಅವನನ್ನು ಸೆರೆಹಿಡಿದನೆಂದೂ ಹೇಳಿದರು. ಆ ವರ್ಷ ಸೆಪ್ಟೆಂಬರಿಗೆ ಕಾಳಗಕ್ಕೆ ನೂರು ವರ್ಷ ತುಂಬುತ್ತದೆ; ಅಷ್ಟರೊಳಗೆ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕು; ಕಲ್ಲಿನ ಮೇಲಣ ಬರಹವನ್ನು ನಾನು ಬರೆದುಕೊಡಬೇಕು. ಶಾಸನ ಓದಿದವನಿಗೆ ಶಾಸನ ಬರೆಯುವ ಅವಕಾಶ ಬಂತಲ್ಲಾ ಎಂದು ನನಗೂ ಹಿಗ್ಗಾಯಿತು.

ಆ ಯೋಧನ ಮೊಮ್ಮಗಳು ಎಂಬತ್ತರ ಸಮೀಪದ ಹಿರಿಯಾಕೆ. ಹತ್ತು ವರ್ಷದ ಹುಡುಗಿಯಾಗಿದ್ದಾಗ ತಾತ ತೀರಿಕೊಂಡದ್ದು. ಆಕೆ ಒಂದು ತಗಡಿನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟು, "ನೋಡಿ ಮೇಷ್ಟ್ರೇ, ನಮ್ ತಾತಂದು ಇದಿಷ್ಟೇ ಉಳಿದಿರೋದು" ಎಂದರು. ಅದರಲ್ಲಿ ಮೂರು ವಸ್ತುಗಳಿದ್ದುವು. ತಾತನ ಪಟ, ಜರ್ಮನಿಯವನ ಪಟ, ಒಂದು ಬಿಲ್ಲೆ.

ಇತಿಹಾಸವನ್ನು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಸಂಸ್ಥಾನದ ಭರ್ಜಿ ರಾವುತರ ಪಡೆಯನ್ನು, ಎಂದರೆ ಮೈಸೂರು ಲ್ಯಾನ್ಸರ್ಸನ್ನು, ಸಮುದ್ರದಾಚೆಗೆ ಕಳುಹಿಸಿದರು. ಐನೂರರಷ್ಟು ಕುದುರೆಗಳೊಡನೆ ಈ ಪಡೆ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಹೈದರಾಬಾದು, ಜೋಧಪುರಗಳ ರಾವುತರೊಡನೆ ಸೇರಿ ಅದು 15ನೆಯ ಇಂಪೀರಿಯಲ್ ಸರ್ವೀಸ್ ಅಶ್ವದಳವಾಯಿತು. ನಾಲ್ಕು ವರ್ಷ ಮರಳಿನಲ್ಲಿ ಕಳೆದ ಮೇಲೆ, 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ತೈನಿನ ಹೈಫಾ ರೇವುಪಟ್ಟಣದ ಮುಂದೆ ಅದರ ಪರೀಕ್ಷೆ ನಡೆಯಿತು. ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕೀಶೋನ್ ಹೊಳೆಯ ಕೆಸರು, ನಡುವೆ ಇಕ್ಕಟ್ಟಾದ ದಾರಿ; ಬೆಟ್ಟದ ಮೇಲೆ ತುರ್ಕಿ ಸೈನ್ಯದ ತೋಪುಗಳು. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ತೋಪುಗಳ ಮೇಲೆ ಬಿದ್ದಿತು. ಜೋಧಪುರದವರು ಕೆಳಗಿನ ದಾರಿಯಲ್ಲಿ ನೇರವಾಗಿ ಊರಿಗೆ ನುಗ್ಗಿದರು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಅಲ್ಲಿ ಮಡಿದರು. ಸಂಜೆಯ ವೇಳೆಗೆ ಊರು ವಶವಾಯಿತು. ಸೆರೆಸಿಕ್ಕವರು 1350 ಮಂದಿ. ಅವರಲ್ಲಿ ತುರ್ಕಿ ಅಧಿಕಾರಿಗಳು 35, ಜರ್ಮನ್ ಅಧಿಕಾರಿಗಳು ಇಬ್ಬರು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡ ಕುದುರೆಗಳು 83. ಈ ಕೊನೆಯ ಎರಡು ಅಂಕಿಗಳನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಜರ್ಮನ್ ಅಧಿಕಾರಿಗಳು ಇಬ್ಬರು! ಪುಸ್ತಕದಲ್ಲಿ ಈ ಮಾತನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆ ಇಬ್ಬರಲ್ಲಿ ಒಬ್ಬನ ಮುಖ ಮಧುಗಿರಿಯ ತಗಡಿನ ಪೆಟ್ಟಿಗೆಯಲ್ಲಿ ಇದೆಯಲ್ಲವೇ ಎಂದುಕೊಂಡು ಅವನ ಬೆನ್ನು ಹತ್ತಿದೆ.

ಪಟ ಅಂಗೈಯಗಲದ ಅಂಚೆಕಾರ್ಡಿನದು. ಮೂವತ್ತರ ಒಳಗಿನ ಯುವಕ, ತೆಳುವಾದ ಮೀಸೆ, ಬಿಸಿಲು ನಾಡಿನ ಹಗುರ ಅಂಗಿ. ಅವನು ಜರ್ಮನಿಯವನೇ, ಆಸ್ಟ್ರಿಯದವನೇ? ಆ ರಣರಂಗದಲ್ಲಿ ತುರ್ಕರ ಕಡೆ ಇಬ್ಬರೂ ಇದ್ದರು. ಆಸ್ಟ್ರಿಯದವರು ದರ್ಜೆಯ ನಕ್ಷತ್ರಗಳನ್ನು ಕೊರಳಪಟ್ಟಿಯಲ್ಲಿ ಧರಿಸುತ್ತಿದ್ದರು, ಜರ್ಮನಿಯವರು ಹೆಗಲಪಟ್ಟಿಯಲ್ಲಿ. ಇವನ ಹೆಗಲಪಟ್ಟಿಯ ಮೇಲೆ ಒಂದು ನಕ್ಷತ್ರವಿತ್ತು. ಆದ್ದರಿಂದ ಜರ್ಮನಿಯವನು, ಓಬರ್‌ಲ್ಯೂಟನೆಂಟ್ ದರ್ಜೆಯವನು. ಅಂಗಿಯ ಎರಡನೆಯ ಗುಂಡಿಯ ಕಾಜಿನಲ್ಲಿ ಒಂದು ಪಟ್ಟಿ. ಕಪ್ಪು ನೆಲ, ಅಂಚಿನ ಬಳಿ ಬಿಳಿಯ ಗೆರೆ. ಇದು ಎರಡನೆಯ ವರ್ಗದ ಕಬ್ಬಿಣದ ಶಿಲುಬೆಯ ಪಟ್ಟಿ ಎಂದು ಪುಸ್ತಕ ನೋಡಿ ನಿರ್ಣಯಿಸಿದೆ. ಊರಿನ ತರುಣರಿಗೂ ಹಾಗೆಯೇ ಹೇಳಿದೆ. ಅವರು ಅದನ್ನು ನಾಲ್ಕು ಕಡೆ ಹೇಳಿಯೂ ಬಿಟ್ಟರು.

ನನ್ನ ಆ ನಿರ್ಣಯ ನಿಲ್ಲಲಿಲ್ಲ. ಛಾಯಾಗ್ರಹಣ ಬಲ್ಲ ಮಿತ್ರರೊಬ್ಬರು, ಆ ಕಾಲದ ಗಾಜಿನ ಫಲಕಗಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ ಎಂದು ತಿಳಿಸಿದರು. ಕೆಂಪು ಅವುಗಳಲ್ಲಿ ಕಪ್ಪಾಗಿ ಮೂಡುತ್ತದೆ. ನೀಲಿ ಬೆಳ್ಳಗಾಗಿ ತೇಲಿಹೋಗುತ್ತದೆ. ತುರ್ಕಿಯ ಸುಲ್ತಾನನು 1915ರಲ್ಲಿ ಸ್ಥಾಪಿಸಿದ ಯುದ್ಧಪದಕದ ಪಟ್ಟಿ ಕೆಂಪು ನೆಲದ ಮೇಲೆ ಬಿಳಿಯ ಗೆರೆಯದು. ಅದನ್ನೂ ಅದೇ ಕಾಜಿಗೆ ಸಿಕ್ಕಿಸುತ್ತಿದ್ದರು. ಪಟದಲ್ಲಿ ಇವೆರಡೂ ಅವಳಿಗಳಂತೆ ಕಾಣುತ್ತವೆ. ಹಾಗಾದರೆ ಇದು ಯಾವುದು? ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಎದೆಯ ಬಲಗಡೆ, ಜೇಬಿನ ಕೆಳಗೆ, ಐದು ಮೂಲೆಯ ಒಂದು ನಕ್ಷತ್ರ, ಅದರೊಳಗೆ ಅರ್ಧಚಂದ್ರ ಮಸುಕಾಗಿ ಕಂಡಿತು. ಅದು ಸುಲ್ತಾನನ ಆ ಪದಕವೇ. ಜರ್ಮನರು ಅದನ್ನು ಕಬ್ಬಿಣದ ಅರ್ಧಚಂದ್ರವೆಂದು ಕರೆಯುತ್ತಿದ್ದರು. ಕಾಜಿನ ಪಟ್ಟಿ ಅದರದ್ದೇ ಇರಬಹುದು, ಶಿಲುಬೆಯದೂ ಇರಬಹುದು. ತರುಣರನ್ನು ಕರೆಸಿ, ನಾನು ಮೊದಲು ಹೇಳಿದ್ದು ಆತುರದ ಮಾತು ಎಂದು ಒಪ್ಪಿಕೊಂಡೆ. ಮೇಷ್ಟರಾದವನಿಗೆ ಇದು ಸುಲಭದ ಕೆಲಸವಲ್ಲ ಎಂಬುದು ತಮಗೆ ಗೊತ್ತೇ ಇದೆ.

ಕಾರ್ಡಿನ ಹಿಂಬದಿ ಎರಡು ಸಾಲು ಬರಹವಿತ್ತು. ಹಳೆಯ ಜರ್ಮನ್ ಕೂಡಕ್ಷರ ಅದು; ನಮ್ಮ ಕಡತಗಳ ಮೋಡಿ ಲಿಪಿಯ ಹಾಗೆ, ಅಚ್ಚಿನ ಅಕ್ಷರ ಮಾತ್ರ ಬಲ್ಲವರಿಗೆ ಗೆರೆಗಳ ಸಾಲಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಸ್ನೇಹಿತರೊಬ್ಬರು ಬಹಳ ಹೊತ್ತು ಕೂತು ಬಿಡಿಸಿದರು. "ಪ್ರೀತಿಯ ಅಮ್ಮನಿಗೆ, 1917ರ ಕ್ರಿಸ್‌ಮಸ್ ಹಬ್ಬಕ್ಕೆ. ನಿನ್ನ ಮಗ." ಹೆಸರಿಲ್ಲ. ತಾಯಿಗೆ ಬರೆಯುವ ಮಗ ಹೆಸರನ್ನೇಕೆ ಬರೆದಾನು! ಅಂಚೆಚೀಟಿಯ ಗುರುತೂ ಇಲ್ಲ. ಕಾರ್ಡು ಆ ತಾಯಿಗೆ ತಲುಪಿರಲಿಲ್ಲ.

ಅಲ್ಲಿಂದ ಮುಂದೆ ದಾರಿಯಿಲ್ಲ. ಆ ರಣರಂಗದ ಜರ್ಮನ್ ಸೇನಾಪತಿ ಲೀಮನ್ ಫಾನ್ ಸಾಂಡರ್ಸ್ 1855ರಲ್ಲಿ ಹುಟ್ಟಿದ್ದು, 1913ರ ಕೊನೆಯಲ್ಲಿ ಇಸ್ತಾಂಬುಲ್‌ಗೆ ಬಂದದ್ದು, ಹೈಫಾ ಬೀಳುವ ಮೂರು ದಿನ ಮುಂಚೆ ಬೆಳಗಿನ ಜಾವದಲ್ಲಿ ನಾಜರೆತ್‌ನಿಂದ ಪಾರಾದದ್ದು, ಮಾಲ್ಟಾದಲ್ಲಿ ಸೆರೆಯಿದ್ದದ್ದು, 1929ರಲ್ಲಿ ತೀರಿಕೊಂಡದ್ದು ಎಲ್ಲವೂ ಗ್ರಂಥಸ್ಥವಾಗಿದೆ. ಅವನೇ ತನ್ನ ನೆನಪುಗಳನ್ನು ಬರೆದಿಟ್ಟಿದ್ದಾನೆ. ಸಣ್ಣ ಅಧಿಕಾರಿಯ ಪಾಡು ಬೇರೆ. ಪ್ರಷ್ಯದ ಸೈನ್ಯದ ದಾಖಲೆಗಳಿದ್ದ ಪೋಟ್ಸ್‌ಡಾಮ್ ನಗರದ ಭಂಡಾರ 1945ರ ಏಪ್ರಿಲ್‌ನಲ್ಲಿ ಬಾಂಬಿನ ಬೆಂಕಿಗೆ ತುತ್ತಾಯಿತು. ಹೆಸರಿದ್ದವರೇ ಅಲ್ಲಿ ಬೂದಿಯಾದರು. ಹೆಸರಿಲ್ಲದವನನ್ನು ಎಲ್ಲಿ ಹುಡುಕುವುದು? ಇವನು ಹೈಫಾದಲ್ಲಿ ಸೆರೆಸಿಕ್ಕ ಇಬ್ಬರಲ್ಲಿ ಒಬ್ಬನೆನ್ನಲೂ ಆಧಾರವಿಲ್ಲ. ಸೋತು ಓಡುವ ಸೈನ್ಯದ ಡೇರೆಗಳಲ್ಲಿ, ದಾರಿಯಲ್ಲಿ, ಇಂಥ ಕಾರ್ಡುಗಳು ಎಷ್ಟು ಬಿದ್ದಿರುತ್ತವೋ!

ಇನ್ನು ತಾತನ ಪಟ. ಸ್ಟುಡಿಯೋದ ಪರದೆ, ಪರದೆಯ ಮೇಲೆ ಬರೆದ ಕಂಬ, ಹೂಕುಂಡ. ರುಮಾಲು ಕಟ್ಟಿ, ಉದ್ದ ಕೋಟು ತೊಟ್ಟು, ಕೈಯಲ್ಲಿ ಭರ್ಜಿ ಹಿಡಿದು, ಸೊಂಟಕ್ಕೆ ಕತ್ತಿ ಇಳಿಬಿಟ್ಟ ಗಟ್ಟಿ ಆಳು. ನೋಡಿದವರು ಸರದಾರನೆಂದೇ ನಂಬಬೇಕು. ನಾನೂ ನಂಬಿದ್ದೆ. ಜರ್ಮನಿಯವನನ್ನು ನೋಡಿ ನೋಡಿ ಕಣ್ಣು ಸ್ವಲ್ಪ ಪಳಗಿದ ಮೇಲೆ ಒಂದು ದಿನ ಒಂದು ಸಂಗತಿ ಚುಚ್ಚಿತು. ಕತ್ತಿ ಬಲ ಸೊಂಟದಲ್ಲಿತ್ತು. ಬಲಗೈಯಲ್ಲಿ ಹಿರಿಯಬೇಕಾದ ಕತ್ತಿ ಎಡಕ್ಕಿರಬೇಕು. ಗಾಜಿನ ಫಲಕವನ್ನು ತಿರುವುಮುರುವಾಗಿ ಇಟ್ಟು ಅಚ್ಚು ಹಾಕಿದರೆ ಎಡ ಬಲವಾಗುತ್ತದೆ. ಹಾಗಾಗಿರಬಹುದೇ ಎಂದು ಕೋಟಿನ ಗುಂಡಿಗಳನ್ನು ನೋಡಿದೆ. ಗಂಡಸರ ಕೋಟಿನಲ್ಲಿ ಎಡಮಗ್ಗುಲು ಬಲದ ಮೇಲೆ ಬರುತ್ತದೆ. ಪಟದಲ್ಲಿಯೂ ಹಾಗೆಯೇ ಇತ್ತು. ಎಂದರೆ ಪಟ ತಿರುವಾಗಿಲ್ಲ. ಕತ್ತಿಯನ್ನೇ ತಪ್ಪು ಕಡೆ ಕಟ್ಟಿಕೊಂಡಿದ್ದಾನೆ. ನಾಲ್ಕು ವರ್ಷ ಕವಾಯತು ಮಾಡಿದ ರಾವುತನು ನಿದ್ದೆಯಲ್ಲಿಯೂ ಮಾಡದ ತಪ್ಪು ಅದು. ಭರ್ಜಿ, ಕತ್ತಿ, ಕೋಟುಗಳನ್ನು ಆ ಕಾಲದ ಸ್ಟುಡಿಯೋಗಳು ಗಿರಾಕಿಗಳಿಗಾಗಿಯೇ ಇಟ್ಟುಕೊಂಡಿರುತ್ತಿದ್ದುವು ಎಂಬುದು ಆಗ ನೆನಪಾಯಿತು.

ಉಳಿದದ್ದು ಬಿಲ್ಲೆ. ಅದು ಬ್ರಿಟಿಷ್ ಯುದ್ಧಪದಕ. ಒಂದು ಕಡೆ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಕುದುರೆಯೇರಿದ ಬತ್ತಲೆ ವೀರ. ಪ್ರತಿ ವರ್ಷ ಆಯುಧಪೂಜೆಗೆ ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ದೊರೆಯ ಮೂಗು ಸವೆದುಹೋಗಿತ್ತು. ಈ ಪದಕವನ್ನು ಸುಮಾರು 65 ಲಕ್ಷ ಮಂದಿಗೆ ಬೆಳ್ಳಿಯಲ್ಲಿ ಕೊಟ್ಟರು. ಸುಮಾರು 1 ಲಕ್ಷ 10 ಸಾವಿರ ಮಂದಿಗೆ ಮಾತ್ರ ಕಂಚಿನಲ್ಲಿ ಕೊಟ್ಟರು. ಆ ಕಂಚು ಬಹುಮಟ್ಟಿಗೆ ಕೂಲಿದಳಗಳವರಿಗೆ, ಸೈನ್ಯದ ಹಿಂದೆ ನಡೆದ ಚಾಕರರಿಗೆ ಸಂದದ್ದು. ನಮ್ಮ ಪೆಟ್ಟಿಗೆಯ ಬಿಲ್ಲೆ ಕಂಚಿನದು. ಇದರ ಅಂಚಿನ ಮೇಲೆ ಪಡೆದವನ ಹೆಸರನ್ನು ಒತ್ತಿರುತ್ತಾರೆ. ಕಲ್ಲಿನ ಶಾಸನಕ್ಕೆ ಮಾಡುವಂತೆಯೇ, ತೆಳ್ಳನೆಯ ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ತಿಕ್ಕಿ ಅಚ್ಚು ತೆಗೆದೆ. ಒಂದು ಸಂಖ್ಯೆ, ತಾತನ ಹೆಸರು, ಮೈಸೂರು ಲ್ಯಾನ್ಸರ್ಸ್ ಎಂಬ ಪಡೆಯ ಹೆಸರು, ಹೆಸರಿನ ಹಿಂದೆ ಒಂದೇ ಒಂದು ಪದ: ಸಾಯಿಸ್.

ಸಾಯಿಸನೆಂದರೆ ಕುದುರೆಯ ಆಳು. ಮೇವು ಹಾಕುವುದು, ಮೈ ತಿಕ್ಕುವುದು, ನೀರು ತೋರಿಸುವುದು, ಲದ್ದಿ ಬಾಚುವುದು ಅವನ ಕೆಲಸ. ರಾವುತನು ಸವಾರಿ ಹೋದರೆ ಸಾಯಿಸನು ನಡೆದು ಹೋಗಬೇಕು. ಮೈಸೂರು ಪಡೆಯೊಡನೆ ಕತ್ತಿಯಿಲ್ಲದೆ ಹೋದ ಇಂಥ ಚಾಕರರೂ ಇದ್ದರು. ಕರ್ನಲ್ ದೇಸರಾಜ ಅರಸರಂಥ ಅಧಿಕಾರಿಗಳ ಹೆಸರು ಪುಸ್ತಕಗಳಲ್ಲಿದೆ. ಸಾಯಿಸರ ಹೆಸರು ಇಂಥ ಬಿಲ್ಲೆಗಳ ಅಂಚಿನಲ್ಲಿದೆ.

ಈಗ ನಾನೇನು ಮಾಡಬೇಕು? ಮೂರು ದಿನ ಸುಮ್ಮನಿದ್ದೆ. ಹೇಳದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ; ಕಲ್ಲು ನಿಲ್ಲುತ್ತದೆ, ಮುದುಕಿ ಹಿಗ್ಗುತ್ತಾಳೆ, ಹಾರ ಬೀಳುತ್ತದೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ, ಕಲ್ಲಿನಲ್ಲಿ ಇದ್ದದ್ದನ್ನು ಓದಿ, ಇಲ್ಲದ್ದನ್ನು ಓದಬೇಡಿ, ಎಂದವನು ನಾನು. ನಾಲ್ಕನೆಯ ದಿನ ಹೋಗಿ ಆಕೆಯ ಜಗಲಿಯ ಮೇಲೆ ಕುಳಿತು, ಅಳುಕುತ್ತಲೇ ಎಲ್ಲವನ್ನೂ ಹೇಳಿದೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೇ ಇರ್ಬೇಕು ಮೇಷ್ಟ್ರೇ" ಎಂದರು. "ನಮ್ ತಾತ ಕುದುರೆ ಏರಿದ್ದು ನಾನು ಒಂದಿನಾನೂ ಕಾಣೆ. ಸಂತೆಗೆ ಜಟಕಾ ಬಂದ್ರೆ ಹತ್ತಿರಕ್ಕೆ ಹೋಗಿ ಕುದುರೆ ಹೊಟ್ಟೆಗೆ ಕಿವಿ ಇಟ್ಟು ಕೇಳೋನು. ಇದಕ್ಕೆ ನೀರಾಗಿಲ್ಲ, ಮೊದ್ಲು ನೀರು ಕುಡಿಸು ಅಂತ ಜಟಕಾದೋನ್ನ ಬೈಯೋನು. ಅಲ್ಲಿ ನೀರಿಲ್ದೆ ಎಷ್ಟೋ ಕುದುರೆ ಹೋದ್ವು ಅಂತ ಹೇಳ್ತಾ ಇದ್ದ. ಹಂಗೆ ಹೇಳುವಾಗ ಮಾತ್ರ ಕಣ್ಣಲ್ಲಿ ನೀರು ಬರೋದು." ಸರದಾರನ ಕಥೆಯನ್ನು ಯಾರು ಕಟ್ಟಿದರು ಎಂದು ಕೇಳಿದೆ. "ತಾತ ಹೇಳಿದ್ದಲ್ಲ. ಆ ಪಟ ನೋಡಿ ನಾವೇ ಹೇಳ್ಕೊಂಡ್ವು" ಎಂದರು.

ಸ್ವಲ್ಪ ತಡೆದು ಆಕೆ ಕೇಳಿದ ಪ್ರಶ್ನೆ ಮಾತ್ರ ನಾನು ಎಣಿಸಿರಲಿಲ್ಲ. "ಆ ಹುಡುಗ ಅವರಮ್ಮಂಗೆ ಬರ್ದಿದ್ದು ಅಂದ್ರಲ್ಲ, ಅದು ಅವಳಿಗೆ ಸೇರ್ಲೇ ಇಲ್ವಾ? ನೂರು ವರ್ಷ ನಮ್ಮನೇಲಿ ಕೂತಿತ್ತಾ?" ನಾನು ಹೌದೆಂದೆ. ಆಕೆ ಆ ಕಾರ್ಡನ್ನು ಸೆರಗಿನಿಂದ ಒರೆಸಿ ತಾತನ ಪಟದ ಪಕ್ಕದಲ್ಲಿಟ್ಟರು. 1918ರ ಆ ಶರತ್ಕಾಲದಲ್ಲಿ ಹೈಫಾದಲ್ಲಿ ಕುದುರೆಗಳು ಬೀಳುತ್ತಿದ್ದಾಗ, ಮೈಸೂರು ಸೀಮೆಯಲ್ಲಿ ಇನ್‌ಫ್ಲುಯೆಂಜಾ ಜ್ವರ ಮನೆ ಮನೆಗೂ ನುಗ್ಗುತ್ತಿತ್ತು. ತಾತ ಊರಿಗೆ ಮರಳುವ ವೇಳೆಗೆ ಅವನ ತಾಯಿ ಆ ಜ್ವರದಲ್ಲಿ ಹೋಗಿದ್ದಳಂತೆ. ಈ ಮಾತನ್ನು ಆಕೆ ಅಂದೇ ನನಗೆ ಹೇಳಿದ್ದು.

ತರುಣರಿಗೆ ನಿರಾಸೆಯಾಯಿತು. "ಸಾಯಿಸನಿಗೆ ಯಾರು ಸಾರ್ ಕಲ್ಲು ನಿಲ್ಲಿಸ್ತಾರೆ?" ಎಂದ ಒಬ್ಬ. ಅವನ ಮಾತಿಗೆ ನನ್ನಲ್ಲಿ ಉತ್ತರವಿತ್ತು. ಹತ್ತನೆಯ ಶತಮಾನದ ಆತಕೂರಿನ ಕಲ್ಲನ್ನು ತಾವೆಲ್ಲ ಕೇಳಿದ್ದೀರಿ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ನಮ್ಮ ಸಿರಾ ಪಾವಗಡಗಳ ವೀರಗಲ್ಲುಗಳನ್ನೇ ನೋಡಿ, ಊರಿನ ದನಗಳನ್ನು ಅಟ್ಟಿಕೊಂಡು ಹೋಗುವಾಗ ತಡೆದು ಸತ್ತವರು ಎಷ್ಟೋ ಮಂದಿ, ಅವರೆಲ್ಲ ಸರದಾರರೇ? ನಾಯಿಯನ್ನು ನೆನೆದ ನಾಡು ಕುದುರೆಯ ಆಳನ್ನು ನೆನೆಯಲಾರದೇ? ಹೈಫಾದಲ್ಲಿ 83 ಕುದುರೆಗಳು ಗಾಯಗೊಂಡವೆಂದು ಲೆಕ್ಕ ಹೇಳುತ್ತದೆ. ಆ ರಾತ್ರಿ ಅವುಗಳ ಗಾಯ ತೊಳೆದವರು ಯಾರು? ಮರುದಿನ ಅವನ್ನು ನಡೆಸಿಕೊಂಡು ಹೋದವರು ಯಾರು? ಒಂದು ತಿಂಗಳ ಮೇಲೆ, ಅಕ್ಟೋಬರ್ 26ರಂದು, ಅಲೆಪ್ಪೊ ಊರಿನ ಹೊರಗೆ ಅದೇ ರಾವುತರು ಮತ್ತೆ ಯುದ್ಧ ಮಾಡಿದರು. ಅಷ್ಟು ದೂರ ಆ ಕುದುರೆಗಳು ಬದುಕಿ ನಡೆದದ್ದು ಸಾಯಿಸರ ಕೈಗುಣದಿಂದ.

ಇದನ್ನೆಲ್ಲ ಹೇಳಿದೆ, ಅವರು ಮರ್ಯಾದೆಯಿಂದ ಕೇಳಿಕೊಂಡರು. ಆದರೆ ಕೊಡುತ್ತೇವೆಂದಿದ್ದ ಹಣ ಕೂಡಿಬರಲಿಲ್ಲ. ಸೆಪ್ಟೆಂಬರ್ 23 ಬಂದು ಹೋಯಿತು. ಕಲ್ಲು ಇಂದಿಗೂ ನಿಂತಿಲ್ಲ. ನಾನು ಬರೆದ ನಾಲ್ಕು ಸಾಲು ನನ್ನ ಮೇಜಿನ ಖಾನೆಯಲ್ಲಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಊರಿಗೆ ಒಂದು ಕಲ್ಲಾದರೂ ದಕ್ಕುತ್ತಿತ್ತಲ್ಲ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಆದರೆ ಆ ಕಲ್ಲು ನೆನೆಯುತ್ತಿದ್ದುದು ಸ್ಟುಡಿಯೋದವನ ಕೋಟು ಕತ್ತಿಗಳನ್ನು. ಜಟಕಾ ಕುದುರೆಯ ಹೊಟ್ಟೆಗೆ ಕಿವಿಯಿಟ್ಟವನಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ಇತರ ಸಂಸ್ಥಾನಗಳ ರಾವುತರೊಡನೆ ಸೇರಿ 61ನೆಯ ಅಶ್ವದಳವಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕಸ್ತಂಭವಿದೆ. ಆ ಕಡೆ ಹೋದವರು ಒಂದು ಗಳಿಗೆ ನಿಂತು ನೋಡಬಹುದು.

ಮುಗಿಸುವ ಮುನ್ನ ಶ್ರೋತೃಗಳಲ್ಲಿ ಒಂದು ಬಿನ್ನಹ. ತಮ್ಮ ಮನೆಯ ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ, ಇಂಥ ಪಟಗಳಿರಬಹುದು, ಬಿಲ್ಲೆಗಳಿರಬಹುದು. ಬಿಲ್ಲೆಯನ್ನು ಹುಣಿಸೆಹಣ್ಣಿನಿಂದ ಉಜ್ಜಬೇಡಿ, ಹಳೆಯ ಪಾತ್ರೆಯವನ ತಕ್ಕಡಿಗೆ ಹಾಕಬೇಡಿ; ಅದರ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪಟದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡಿ. ಗೊತ್ತಿದ್ದಷ್ಟೇ ಬರೆಯಿರಿ. ಮಧುಗಿರಿಯ ಆ ಹಿರಿಯಾಕೆ ತಾತನ ಪಟದ ಹಿಂದೆ ನನ್ನ ಕೈಯಲ್ಲಿ ಅವನ ಹೆಸರನ್ನೂ, ಅದರ ಮುಂದೆ "ಸಾಯಿಸ, ಮೈಸೂರು ಲ್ಯಾನ್ಸರ್ಸ್" ಎಂಬುದನ್ನೂ ಬರೆಸಿದರು. ಇನ್ನೊಂದು ಕಾರ್ಡಿನ ಹಿಂದೆ, ಆ ಎರಡು ಜರ್ಮನ್ ಸಾಲುಗಳ ಕೆಳಗೆ, ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆಸಿ, ಎರಡನ್ನೂ ಅದೇ ಪೆಟ್ಟಿಗೆಯಲ್ಲಿಟ್ಟರು.